ವೃದ್ಧಾಶ್ರಮದಲ್ಲಿ ರಾತ್ರಿ ಎಚ್ಚರವಿರುವವರು ಯಾರು?

ಮಂಗಳೂರು, ಉಡುಪಿ ಕಡೆಯ ವೃದ್ಧಾಶ್ರಮಗಳ ಬಗ್ಗೆ ಯಾರನ್ನು ವಿಚಾರಿಸಿದರೂ ಸಿಗುವ ಮೊದಲ ಉತ್ತರ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: ‘ಜಾಗ ಚೆನ್ನಾಗಿದೆ, ಕ್ಲೀನ್ ಇಟ್ಟುಕೊಂಡಿದ್ದಾರೆ, ನಡೆಸುವವರು ಒಳ್ಳೆಯ ಜನ.’ ಈ ಮೂರು ಮಾತುಗಳಲ್ಲಿ ಯಾವುದೂ ಸುಳ್ಳಿರಲಿಕ್ಕಿಲ್ಲ. ಆದರೆ ಎಂಬತ್ತು ದಾಟಿದ, ಶುಗರ್ ಇರುವ, ವಾಕರ್ ಹಿಡಿದು ನಡೆಯುವ ಒಬ್ಬ ಹೆಂಗಸು ಅಲ್ಲಿ ಸುರಕ್ಷಿತವಾಗಿ ಇರಬಲ್ಲಳೇ ಎಂಬ ಪ್ರಶ್ನೆಗೆ ಇವುಗಳಲ್ಲಿ ಉತ್ತರವಿಲ್ಲ. ನನ್ನ ದೊಡ್ಡಮ್ಮನಿಗಾಗಿ ನಮ್ಮ ಮನೆಯವರು ಈ ಎರಡು ಜಿಲ್ಲೆಗಳ ಹಲವು ಆಶ್ರಮಗಳನ್ನು ನೋಡಿದ್ದೇವೆ, ಒಂದರಲ್ಲಿ ಅವರನ್ನು ಇರಿಸಿ, ಅಲ್ಲಿಂದ ಬಿಡಿಸಿಕೊಂಡು ಬಂದು ಇನ್ನೊಂದಕ್ಕೆ ಸೇರಿಸಿದ್ದೇವೆ. ಆ ಅನುಭವದಿಂದಲೂ, ಕಾಯ್ದೆ ನಿಯಮಗಳನ್ನು ಕುಳಿತು ಓದಿದ್ದರಿಂದಲೂ, ಇಂಗ್ಲೆಂಡಿನ ಕೇರ್ ಹೋಮ್ ಒಂದರಲ್ಲಿ ನರ್ಸ್ ಆಗಿರುವ ನನ್ನ ಚಿಕ್ಕಮ್ಮನ ಮಗಳ ಜೊತೆ ಆಡಿದ ಮಾತುಗಳಿಂದಲೂ ನನಗೆ ಮನವರಿಕೆಯಾದ ಸಂಗತಿ ಇದು: ಆಶ್ರಮದ ಗುಣಮಟ್ಟವನ್ನು ಅಳೆಯಬೇಕಾದದ್ದು ಅದರ ರಾತ್ರಿ ಪಾಳಿಯಿಂದ ಮತ್ತು ಅಲ್ಲಿನವರು ಬರೆದಿಡುವ ಪುಸ್ತಕಗಳಿಂದ.

ಈ ಪ್ರಶ್ನೆಗಳನ್ನು ನಮ್ಮ ಕಡೆ ಕೇಳುವುದು ಸುಲಭವಲ್ಲ, ಅದಕ್ಕೆ ಕಾರಣವೂ ಇದೆ. ಕರಾವಳಿಯ ಬಹುತೇಕ ಆಶ್ರಮಗಳು ಸೇವೆ ಎಂಬ ಭಾವನೆಯಿಂದ ಹುಟ್ಟಿದಂಥವು. ಕೆಲವನ್ನು ಧರ್ಮಭಗಿನಿಯರು ನಡೆಸುತ್ತಾರೆ, ಕೆಲವನ್ನು ದೇವಸ್ಥಾನದ ಆಸುಪಾಸಿನ ಟ್ರಸ್ಟುಗಳು, ಇನ್ನು ಕೆಲವನ್ನು ಬೊಂಬಾಯಿಯಲ್ಲೋ ಗಲ್ಫಿನಲ್ಲೋ ದುಡಿದು ಊರಿಗೆ ಮರಳಿದ ದಂಪತಿಗಳು ತಮ್ಮ ಹಳೆಯ ಮನೆಯನ್ನೇ ಬಿಟ್ಟುಕೊಟ್ಟು ಆರಂಭಿಸಿರುತ್ತಾರೆ. ತಿಂಗಳಿಗೆ ಇಷ್ಟೆಂದು ಹಣ ಪಡೆಯುವಲ್ಲಿಯೂ ‘ನಾವು ಇದನ್ನು ವ್ಯಾಪಾರವಾಗಿ ಮಾಡುತ್ತಿಲ್ಲ’ ಎಂಬ ಮಾತು ಮೊದಲಿಗೇ ಬರುತ್ತದೆ. ಅಂಥವರ ಎದುರು ಕುಳಿತು ‘ರಾತ್ರಿ ಎಷ್ಟು ಜನ ಡ್ಯೂಟಿಯಲ್ಲಿರುತ್ತಾರೆ, ಅವರಲ್ಲಿ ನರ್ಸಿಂಗ್ ಕಲಿತವರು ಯಾರು, ಬಿದ್ದವರ ರಿಜಿಸ್ಟರ್ ತೋರಿಸುವಿರಾ’ ಎಂದು ಕೇಳಿದರೆ ಉಪಕಾರ ಮಾಡುವವರನ್ನು ಅನುಮಾನಿಸಿದ ಹಾಗೆ ಆಗುತ್ತದೆ ಎಂದು ನಮ್ಮವರು ಹಿಂಜರಿಯುತ್ತಾರೆ. ನನ್ನ ಅಭಿಪ್ರಾಯದಲ್ಲಿ ಈ ಹಿಂಜರಿಕೆಯೇ ಅತ್ಯಂತ ದೊಡ್ಡ ಅಪಾಯ. ಒಳ್ಳೆಯ ಮನಸ್ಸಿನವರಿಗೂ ನಿದ್ದೆ ಬರುತ್ತದೆ, ಅವರ ಬಚ್ಚಲಿನಲ್ಲಿಯೂ ಕಾಲು ಜಾರುತ್ತದೆ.

ಕಾನೂನು ಎಲ್ಲಿಯವರೆಗೆ ಬರುತ್ತದೆ ಎಂಬುದನ್ನು ಮೊದಲು ಹೇಳಿ ಮುಗಿಸುತ್ತೇನೆ. ಪಾಲಕರ ಪೋಷಣೆ ಮತ್ತು ಹಿರಿಯ ನಾಗರಿಕರ ಕಲ್ಯಾಣಕ್ಕಾಗಿ 2007ರಲ್ಲಿ ಬಂದ ಕೇಂದ್ರ ಕಾಯ್ದೆಯ 19ನೇ ಕಲಮು, ಪ್ರತಿ ಜಿಲ್ಲೆಯಲ್ಲಿ ಕನಿಷ್ಠ 150 ಮಂದಿ ನಿರ್ಗತಿಕ ಹಿರಿಯರಿಗೆ ಸ್ಥಳವಿರುವ ವೃದ್ಧಾಶ್ರಮವನ್ನು ರಾಜ್ಯ ಸರ್ಕಾರ ಹಂತಹಂತವಾಗಿ ಸ್ಥಾಪಿಸಬಹುದು ಎನ್ನುತ್ತದೆ. ಅಲ್ಲಿರುವ ಕ್ರಿಯಾಪದ ‘ಬಹುದು’ ಎಂದೇ ಇರುವುದರಿಂದ ಅದು ಎಷ್ಟು ನಡೆಯಿತು ಎಂಬುದನ್ನು ನೀವೇ ಊಹಿಸಬಹುದು. ಅದೇ ಕಾಯ್ದೆಯಡಿ ಕೇಂದ್ರ ಸಿದ್ಧಪಡಿಸಿದ ಮಾದರಿ ನಿಯಮಗಳಲ್ಲಿ ಕೆಲವು ಭೌತಿಕ ಮಾನದಂಡಗಳಿವೆ. ಮಲಗುವ ಜಾಗ ಒಬ್ಬರಿಗೆ 7.5 ಚದರ ಮೀಟರ್, ಅಂದರೆ ಸುಮಾರು 80 ಚದರ ಅಡಿ ಇರಬೇಕು. ಅಡುಗೆಮನೆ, ಊಟದ ಕೋಣೆ ಮುಂತಾದವೂ ಸೇರಿದರೆ ಒಬ್ಬರ ಪಾಲಿಗೆ 12 ಚದರ ಮೀಟರ್ ಬರಬೇಕು. ಇಳಿಜಾರು ದಾರಿ ಮತ್ತು ಹಿಡಿಕಂಬಿಗಳಿದ್ದು ಕಟ್ಟಡ ತಡೆರಹಿತವಾಗಿರಬೇಕು. ಇವು ಮುಖ್ಯವಾಗಿ ಸರ್ಕಾರದ ಯೋಜನೆಯ ಆಶ್ರಮಗಳಿಗಾಗಿ ಬರೆದವು. ನಮ್ಮ ಊರಿನ ಹಂಚಿನ ಮನೆಯೊಂದರಲ್ಲಿ ಹದಿನೈದು ಮಂಚ ಹಾಕಿ ನಡೆಸುವ ಖಾಸಗಿ ಆಶ್ರಮದ ಬಾಗಿಲಿಗೆ ಇವುಗಳ ಬಿಸಿ ತಟ್ಟುವುದು ಕಡಿಮೆ. ಇಷ್ಟು ಜನ ಹಿರಿಯರಿಗೆ ಇಷ್ಟು ಮಂದಿ ಸಿಬ್ಬಂದಿ ಇರಬೇಕೆಂಬ ಲೆಕ್ಕವಂತೂ ಆ ಕಾಯ್ದೆಯಲ್ಲಿ ಎಲ್ಲಿಯೂ ಇಲ್ಲ. ಆಶ್ರಮಗಳ ನೋಂದಣಿಯನ್ನು ಕಡ್ಡಾಯಗೊಳಿಸಿ ಕನಿಷ್ಠ ಮಾನದಂಡ ವಿಧಿಸಲು 2019ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಮಂಡಿಸಿದ ತಿದ್ದುಪಡಿ ಮಸೂದೆ ಆ ಸದನದ ಅವಧಿ ಮುಗಿಯುವ ತನಕವೂ ಕಾಯ್ದೆಯಾಗಲಿಲ್ಲ.

ಸಹಾಯಕ ಆಯುಕ್ತರ ಅಧ್ಯಕ್ಷತೆಯ ನ್ಯಾಯಮಂಡಳಿಗಳ ಬಗ್ಗೆ ಹಲವರು ಕೇಳಿರುತ್ತಾರೆ. ಮಂಗಳೂರು, ಪುತ್ತೂರು, ಕುಂದಾಪುರದ ಉಪವಿಭಾಗಗಳಲ್ಲಿ ಅವು ನೋಡುವುದು ಮಕ್ಕಳು ಪೋಷಿಸುತ್ತಿಲ್ಲ, ಆಸ್ತಿ ಬರೆಸಿಕೊಂಡು ಕೈಬಿಟ್ಟರು ಎಂಬಂಥ ದೂರುಗಳನ್ನು. ಆಶ್ರಮದವರು ಮಾತ್ರೆ ತಪ್ಪಿ ಕೊಟ್ಟರು ಎಂಬುದು ಅಲ್ಲಿಯ ವಿಷಯವಲ್ಲ.

ಹೀಗಿರುವಾಗ ವಾರಕ್ಕೊಮ್ಮೆ ಹಣ್ಣು ಹಿಡಿದು ಹೋಗುವ ಮಗಳು, ಸೊಸೆ, ತಮ್ಮನ ಮಗ ಇವರೇ ಇನ್ಸ್‌ಪೆಕ್ಟರುಗಳು. ಏನನ್ನು ನೋಡಬೇಕೆಂದು ತಿಳಿದಿದ್ದರೆ ಇವರು ಸಾಕಷ್ಟನ್ನು ನೋಡಬಲ್ಲರು.

ರಾತ್ರಿಯಿಂದಲೇ ಆರಂಭಿಸೋಣ. ಹಗಲಿನಲ್ಲಿ ಆಶ್ರಮವೆಂದರೆ ಜನವೇ ಜನ: ಅಡುಗೆಯವರು, ಗುಡಿಸುವವರು, ಆಫೀಸಿನಲ್ಲೊಬ್ಬರು, ನೋಡಲು ಬಂದವರು, ಕೊನೆಗೆ ಹಾಲಿನವನು ಕೂಡ ಒಂದು ಜೊತೆ ಕಣ್ಣು. ರಾತ್ರಿ ಒಂಬತ್ತಾದ ಮೇಲೆ ಗೇಟು ಹಾಕಿದರೆ ಉಳಿಯುವವರು ಒಬ್ಬರೋ ಇಬ್ಬರೋ ಆಯಾಗಳು, ಅವರಲ್ಲಿಯೂ ಅನೇಕರು ಹಗಲಿಡೀ ದುಡಿದು ಅಲ್ಲಿಯೇ ಚಾಪೆ ಹಾಸಿ ಮಲಗುವವರು. ‘ರಾತ್ರಿ ಜನ ಇರುತ್ತಾರೆ’ ಎಂದು ಆಶ್ರಮದವರು ಹೇಳಿದಾಗ ಅವರು ಎಚ್ಚರವಿರುತ್ತಾರೆಯೇ ಅಥವಾ ಮಲಗಿರುತ್ತಾರೆಯೇ ಎಂದು ಕೇಳಬೇಕು. ಇವೆರಡರ ನಡುವೆ ಒಂದು ಸೊಂಟದ ಮೂಳೆಯಷ್ಟು ವ್ಯತ್ಯಾಸವಿದೆ. ವಯಸ್ಸಾದವರು ರಾತ್ರಿ ಮೂತ್ರಕ್ಕೆಂದು ಎರಡು ಮೂರು ಸಲ ಏಳುತ್ತಾರೆ. ಮಲಗಿದ್ದವರು ತಟ್ಟನೆ ಎದ್ದು ನಿಂತಾಗ ಬಿಪಿ ಇಳಿದು ಕಣ್ಣು ಕತ್ತಲೆ ಬರುವುದು ಆ ವಯಸ್ಸಿನಲ್ಲಿ ಸಾಮಾನ್ಯ, ಬಿಪಿ ಮಾತ್ರೆ ಮತ್ತು ನಿದ್ದೆ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇನ್ನೂ ಹೆಚ್ಚು. ಮೊದಲ ಆಶ್ರಮದಲ್ಲಿ ದೊಡ್ಡಮ್ಮ ಬಿದ್ದದ್ದೂ ಅಂಥ ಒಂದು ಹೊತ್ತಿನಲ್ಲಿ. ಮಂಚದ ಬಳಿ ಕರೆಗಂಟೆಯ ಸ್ವಿಚ್ ಇತ್ತು, ಅದರ ಇನ್ನೊಂದು ತುದಿಯಲ್ಲಿ ಗಂಟೆ ಕೆಟ್ಟು ಎಷ್ಟೋ ಕಾಲವಾಗಿತ್ತು. ಬೆಳಿಗ್ಗೆ ನಮಗೆ ಫೋನಿನಲ್ಲಿ ತಿಳಿಸಿದ್ದು ‘ಸ್ವಲ್ಪ ಜಾರಿದರು’ ಎಂದು. ಎಷ್ಟು ಗಂಟೆಗೆ ಬಿದ್ದರು, ಯಾರು ನೋಡಿದರು, ಎತ್ತುವ ಮುಂಚೆ ಕಾಲು ಪರೀಕ್ಷಿಸಿದರೇ ಎಂಬುದಕ್ಕೆ ಒಂದು ಸಾಲಿನ ದಾಖಲೆಯೂ ಇರಲಿಲ್ಲ. ತೊಡೆಯ ಮೇಲ್ಭಾಗದ ಮೂಳೆ ಮುರಿದಿತ್ತು.

ಆಪರೇಷನ್ ಆಗಿ ಮರಳಿದ ಮೇಲೆ ಅವರು ಕೆಲವು ವಾರ ಹಾಸಿಗೆ ಹಿಡಿದಿದ್ದರು. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸುವುದು ಆರೈಕೆಯ ಹಳೆಯ ನಿಯಮ. ಇಲ್ಲವಾದರೆ ದೇಹದ ಭಾರ ಬೀಳುವ ಸೊಂಟದ ಹಿಂಭಾಗ, ಹಿಮ್ಮಡಿ, ಪೃಷ್ಠದ ಪಕ್ಕದ ಮೂಳೆ ಇಂಥ ಕಡೆ ರಕ್ತ ಹರಿಯದೆ ಚರ್ಮ ಸಾಯಲು ತೊಡಗಿ ಬೆಡ್ ಸೋರ್ ಆಗುತ್ತದೆ. ಒಂದು ಸಂಜೆ ನಾನು ಹೋದಾಗ ಮಂಚದ ಕಾಲಬದಿಯಲ್ಲಿ ಕ್ಲಿಪ್ಪಿಗೆ ಸಿಕ್ಕಿಸಿದ್ದ ಹಾಳೆಯನ್ನು ಸುಮ್ಮನೆ ತೆಗೆದು ನೋಡಿದೆ. ಗಂಟೆ ಇನ್ನೂ ಏಳಾಗಿರಲಿಲ್ಲ. ಹಾಳೆಯಲ್ಲಿ ಮರುದಿನ ಬೆಳಿಗ್ಗೆ ಆರು ಗಂಟೆಯ ತನಕ ‘ಎಡ’, ‘ಬಲ’, ‘ಅಂಗಾತ’ ಎಂದು ಒಂದೇ ನೀಲಿ ಪೆನ್ನಿನಲ್ಲಿ ಬರೆದು, ಪ್ರತಿ ಸಾಲಿಗೂ ಸಹಿ ಹಾಕಿ ಮುಗಿದಿತ್ತು. ಕೇಳಿದ್ದಕ್ಕೆ ಅದನ್ನು ಬರೆದ ಆಯಾ ಹುಡುಗಿ ಏನೂ ಮುಚ್ಚಿಡಲಿಲ್ಲ: ‘ರಾತ್ರಿ ಬರೆಯಲಿಕ್ಕೆ ಪುರುಸೊತ್ತು ಆಗುವುದಿಲ್ಲ ಅಕ್ಕ, ಅದಕ್ಕೆ ಈಗಲೇ ಬರೆದಿಟ್ಟೆ.’ ಇಪ್ಪತ್ತಕ್ಕೂ ಹೆಚ್ಚು ಜನರ ಆ ಅಂತಸ್ತಿನಲ್ಲಿ ಆ ರಾತ್ರಿ ಅವಳೊಬ್ಬಳೇ ಇದ್ದಳು, ಆ ದಿನದ ಹಗಲಿನ ಡ್ಯೂಟಿಯೂ ಅವಳದ್ದೇ ಆಗಿತ್ತು. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಹಾಗೆ ಪಾಳಿ ಹಾಕಿದವರ ಮೇಲೆ ಬಂದ ಸಿಟ್ಟು ಮಾತ್ರ ಇವತ್ತಿಗೂ ಇಳಿದಿಲ್ಲ.

ಬೆಡ್ ಸೋರ್ ವಿಷಯದಲ್ಲಿ ಮನೆಯವರು ತಿಳಿದಿರಬೇಕಾದ ಒಂದು ಸಂಗತಿಯಿದೆ. ಪುಸ್ತಕಗಳಲ್ಲಿ ಮೊದಲ ಲಕ್ಷಣವೆಂದು ಬರೆದಿರುವುದು ಕೆಂಪಗಾದ ಚರ್ಮ, ಬೆರಳಿನಿಂದ ಒತ್ತಿದರೂ ಬಿಳಿಚಿಕೊಳ್ಳದ ಕೆಂಪು. ನಮ್ಮಂಥ ಕಪ್ಪು, ಗೋಧಿ ಬಣ್ಣದ ಚರ್ಮದಲ್ಲಿ ಆ ಕೆಂಪು ಕಾಣಿಸುವುದಿಲ್ಲ. ಸುತ್ತಲಿನ ಚರ್ಮಕ್ಕಿಂತ ಕೊಂಚ ಕಪ್ಪಾಗಿ ಅಥವಾ ನೇರಳೆಯಾಗಿ, ಮುಟ್ಟಿದರೆ ಬೆಚ್ಚಗೆ ಅಥವಾ ಗಟ್ಟಿಯಾಗಿ ಇರುತ್ತದೆ. ಹೋದಾಗಲೆಲ್ಲ ಕಾಲುಚೀಲ ತೆಗೆಸಿ ಹಿಮ್ಮಡಿಯನ್ನು ಮುಟ್ಟಿ ನೋಡಿ. ಯಾರಾದರೂ ತಪ್ಪು ತಿಳಿದುಕೊಂಡಾರೆಂಬ ಸಂಕೋಚ ಬೇಡ.

ಔಷಧಿಯ ಪುಸ್ತಕವೂ ಇಷ್ಟೇ ಮುಖ್ಯ. ಎಂಬತ್ತು ದಾಟಿದವರಿಗೆ ದಿನಕ್ಕೆ ಎಂಟು ಹತ್ತು ಮಾತ್ರೆಗಳಿರುವುದು ಅಪರೂಪವಲ್ಲ. ಥೈರಾಯ್ಡ್ ಮಾತ್ರೆಯನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕೊಟ್ಟು ತಿಂಡಿಗೆ ಅರ್ಧ ಗಂಟೆಯಾದರೂ ಬಿಡಬೇಕು. ಪಾರ್ಕಿನ್ಸನ್ ಕಾಯಿಲೆಯವರ ಮಾತ್ರೆ ಒಂದು ಗಂಟೆ ತಡವಾದರೂ ಅವರ ಕೈಕಾಲು ಸೆಟೆದುಕೊಳ್ಳಬಹುದು. ಇನ್ಸುಲಿನ್ ಕೊಟ್ಟ ಮೇಲೆ ಊಟ ತಡವಾದರೆ ಶುಗರ್ ಅಪಾಯದ ಮಟ್ಟಕ್ಕೆ ಇಳಿಯುತ್ತದೆ. ಅನೇಕ ಆಶ್ರಮಗಳಲ್ಲಿ ನಾನು ಕಂಡ ಪದ್ಧತಿಯೆಂದರೆ, ಬೆಳಿಗ್ಗೆಯೇ ಸ್ಟೀಲ್ ತಟ್ಟೆಯೊಂದರಲ್ಲಿ ಚಿಕ್ಕ ಬಟ್ಟಲುಗಳನ್ನು ಜೋಡಿಸಿ, ಪೊಟ್ಟಣ ಒಡೆದು ಎಲ್ಲರ ಮಾತ್ರೆಗಳನ್ನು ಅದರಲ್ಲಿ ಹಾಕಿಟ್ಟು, ತಿಂಡಿಯ ಹೊತ್ತಿಗೆ ಹಂಚುವುದು. ಬಟ್ಟಲಿಗೆ ಹೆಸರಿನ ಚೀಟಿ ಇದ್ದರೂ ಬಿಳಿ ಮಾತ್ರೆಗೆ ಹೆಸರಿಲ್ಲ. ಯಾರಿಗೆ, ಯಾವುದು, ಎಷ್ಟು, ಎಷ್ಟು ಗಂಟೆಗೆ, ಕೊಟ್ಟವರು ಯಾರು ಎಂಬುದನ್ನು ಕೊಟ್ಟ ಮೇಲೆಯೇ ಬರೆಯುವ ಚಾರ್ಟ್ ಇದೆಯೇ ಎಂದು ನೋಡಿ. ಹಿರಿಯರು ಮಾತ್ರೆ ಬೇಡವೆಂದ ದಿನ ಅಲ್ಲಿ ‘ನಿರಾಕರಿಸಿದರು’ ಎಂದು ಬರೆದಿದ್ದರೆ ಆ ಚಾರ್ಟನ್ನು ನಂಬಬಹುದು. ಒಂದೂ ತಪ್ಪಿಲ್ಲದೆ ತಿಂಗಳಿಡೀ ಟಿಕ್ ಹಾಕಿದ ಚಾರ್ಟ್ ಕಂಡರೆ ನನಗೆ ಅನುಮಾನ ಬರುತ್ತದೆ. ಇನ್ನೊಂದು ಮಾತು: ಗಲಾಟೆ ಮಾಡುತ್ತಾರೆಂದು ರಾತ್ರಿ ನಿದ್ದೆ ಮಾತ್ರೆ ಕೊಡುವುದಿದ್ದರೆ ಅದನ್ನು ಬರೆದ ವೈದ್ಯರು ಯಾರು, ಎಂದಿನಿಂದ, ಕೊನೆಯ ಬಾರಿ ಮರುಪರಿಶೀಲಿಸಿದ್ದು ಯಾವಾಗ ಎಂದು ಕೇಳುವ ಹಕ್ಕು ಮನೆಯವರಿಗಿದೆ. ಮರೆವಿನ ಕಾಯಿಲೆಯವರನ್ನು ಸೀರೆಯ ತುಂಡಿನಿಂದ ಮಂಚಕ್ಕೆ ಕಟ್ಟುವುದನ್ನೂ ‘ಬೀಳಬಾರದಲ್ಲ’ ಎಂದು ಸಮರ್ಥಿಸುವವರಿದ್ದಾರೆ. ಕಟ್ಟಿಸಿಕೊಂಡವರು ಬಿಡಿಸಿಕೊಳ್ಳಲು ಹೆಣಗಿ ಕಂಬಿಯ ಮೇಲಿಂದ ಬೀಳುತ್ತಾರೆ, ಆಗ ಪೆಟ್ಟು ಇನ್ನೂ ಜೋರು.

ಕಟ್ಟಡದ ವಿಷಯಕ್ಕೆ ಬಂದರೆ, ನಮ್ಮ ಕರಾವಳಿಯ ಮನೆಗಳು ಮಳೆಗೆಂದು ಕಟ್ಟಿದವು, ಎತ್ತರದ ಜಗಲಿ, ಎತ್ತರದ ಹೊಸ್ತಿಲು. ವೀಲ್‌ಚೇರಿಗೆ ಇಳಿಜಾರು ಮಾಡುವಾಗ ಒಂದಕ್ಕೆ ಹನ್ನೆರಡರ ಲೆಕ್ಕ ಪಾಲಿಸಬೇಕು: ಜಗಲಿ 45 ಸೆಂಟಿಮೀಟರ್ ಎತ್ತರವಿದ್ದರೆ ಇಳಿಜಾರು 5.4 ಮೀಟರ್ ಉದ್ದವಿರಬೇಕು. ನಾನು ನೋಡಿದ ಹಲವು ಕಡೆ ಸ್ಕೂಟರ್ ಹತ್ತಿಸಲು ಮಾಡಿದ ಸಿಮೆಂಟಿನ ಗುಡ್ಡೆಯನ್ನೇ ‘ರ್‍ಯಾಂಪ್’ ಎಂದು ತೋರಿಸಿದರು. ಅದರ ಮೇಲೆ ಇಳಿಯುವ ವೀಲ್‌ಚೇರನ್ನು ತಡೆಯಲು ಇಬ್ಬರು ಗಟ್ಟಿಗರು ಬೇಕು. ಬಚ್ಚಲಿನಲ್ಲಿ ನೋಡಬೇಕಾದದ್ದು ಹೊಳೆಯುವ ಟೈಲ್ಸ್ ಅಲ್ಲ. ನೆಲ ಒದ್ದೆಯಾದಾಗ ಜಾರುತ್ತದೆಯೇ, ಕಮೋಡಿನ ಪಕ್ಕದಲ್ಲಿರುವುದು ಗೋಡೆಗೆ ಬೋಲ್ಟ್ ಹಾಕಿದ ಹಿಡಿಕಂಬಿಯೋ ಅಥವಾ ಟವಲ್ ಹಾಕುವ ಸರಳೋ, ಬಾಗಿಲು ಹೊರಕ್ಕೆ ತೆರೆಯುತ್ತದೆಯೋ ಎಂಬುದನ್ನು ನೋಡಬೇಕು. ಒಳಕ್ಕೆ ತೆರೆಯುವ ಬಾಗಿಲಿನ ಹಿಂದೆ ಒಬ್ಬರು ಬಿದ್ದರೆ ಅವರ ದೇಹವೇ ಬಾಗಿಲಿಗೆ ಅಡ್ಡವಾಗುತ್ತದೆ, ಮುರಿದು ಒಳಹೋಗುವ ಹೊತ್ತಿಗೆ ಅಮೂಲ್ಯ ನಿಮಿಷಗಳು ಕಳೆದಿರುತ್ತವೆ.

ಬೆಂಕಿಯ ಬಗ್ಗೆ ನಮ್ಮಲ್ಲಿ ಯಾರೂ ಯೋಚಿಸುವುದೇ ಇಲ್ಲ. 2023ರ ಜನವರಿ 1ರ ಬೆಳಗಿನ ಜಾವ ದೆಹಲಿಯ ಗ್ರೇಟರ್ ಕೈಲಾಸದ ಹಿರಿಯರ ಆರೈಕೆ ಕೇಂದ್ರವೊಂದರಲ್ಲಿ ಬೆಂಕಿ ಬಿದ್ದು ಇಬ್ಬರು ವೃದ್ಧೆಯರು ಮೃತಪಟ್ಟರು. ಅದು ರಾಜಧಾನಿಯ ಶ್ರೀಮಂತ ಬಡಾವಣೆ. ನಮ್ಮ ಕಡೆ ಕಳ್ಳರ ಭಯಕ್ಕೆ ಕಿಟಕಿಗಳಿಗೆಲ್ಲ ಗ್ರಿಲ್, ಜಗಲಿಗೆ ಎಳೆಯುವ ಕಬ್ಬಿಣದ ಗೇಟು, ರಾತ್ರಿ ಅದಕ್ಕೊಂದು ಬೀಗ, ಬೀಗದ ಕೈ ಒಬ್ಬರ ತಲೆದಿಂಬಿನಡಿ. ಮಹಡಿಯ ಮೇಲೆ ನಡೆಯಲಾರದವರನ್ನು ಮಲಗಿಸಿದ್ದರೆ, ಅವರನ್ನು ಕೆಳಗೆ ತರುವುದು ಹೇಗೆ ಎಂದು ಕೇಳಿದಾಗ ಒಬ್ಬ ಮ್ಯಾನೇಜರ್ ನನಗೆ ‘ದೇವರಿದ್ದಾನೆ’ ಎಂದರು. ಇರಬಹುದು, ಆದರೆ ಬೀಗದ ಇನ್ನೊಂದು ಕೀ ಬಾಗಿಲ ಪಕ್ಕದ ಮೊಳೆಯಲ್ಲಿಯೂ ಇರಬೇಕು.

ಇದರ ಮೇಲೆ ನಮ್ಮ ಮಳೆ. ಜೂನಿನಿಂದ ಸೆಪ್ಟೆಂಬರ್ ತನಕ ಅಂಗಳದ ಮುರಕಲ್ಲಿನ ಮೇಲೆ ಪಾಚಿ, ಒಣಗದ ಬಟ್ಟೆ, ಗಂಟೆಗಟ್ಟಲೆ ಹೋಗುವ ಕರೆಂಟು. ಹಾಸಿಗೆ ಹಿಡಿದವರಿಗೆ ಹಾಕುವ ಏರ್ ಬೆಡ್ ಪಂಪಿನಿಂದ ನಡೆಯುವಂಥದ್ದು. ಕರೆಂಟು ಹೋಗಿ ಪಂಪು ನಿಂತರೆ ಅದು ನಿಧಾನಕ್ಕೆ ಇಳಿದು ಬರಿಯ ಪ್ಲಾಸ್ಟಿಕ್ ಹಾಳೆಯಾಗುತ್ತದೆ. ಆಕ್ಸಿಜನ್ ಕಾನ್ಸಂಟ್ರೇಟರ್ ಹಚ್ಚಿಕೊಂಡವರ ಪಾಡಂತೂ ಹೇಳಬೇಕಾಗಿಲ್ಲ. ‘ಇನ್ವರ್ಟರ್ ಇದೆ’ ಎಂದರೆ ಅದು ಫ್ಯಾನು ಮತ್ತು ಲೈಟಿಗಷ್ಟೆಯೋ, ಈ ಯಂತ್ರಗಳ ಪ್ಲಗ್ಗಿಗೂ ಅದರಿಂದ ಲೈನ್ ಎಳೆದಿದ್ದಾರೆಯೋ ಎಂದು ಕೇಳಬೇಕು. ಮಂಗಳೂರು ನಗರ ಬಹುಕಾಲ ರಾಜ್ಯದ ಮಲೇರಿಯಾ ಪ್ರಕರಣಗಳಲ್ಲಿ ದೊಡ್ಡ ಪಾಲನ್ನು ಕಂಡ ಊರು, ಡೆಂಗಿಯೂ ಇಲ್ಲಿಯದೇ ಎನ್ನುವಷ್ಟು ಪರಿಚಿತ. ಆದ್ದರಿಂದ ಸೊಳ್ಳೆಪರದೆ, ಮುಚ್ಚಿದ ನೀರಿನ ಟ್ಯಾಂಕು, ಬಾವಿಗೆ ಬಲೆ ಇವು ಇಲ್ಲಿ ಸುರಕ್ಷತೆಯ ಮಾನದಂಡಗಳೇ.

ಬೇಸಿಗೆಯಲ್ಲಿ ತೊಂದರೆ ಬೇರೆ. ವಯಸ್ಸಾದಂತೆ ಬಾಯಾರಿಕೆಯ ಅರಿವು ಕಡಿಮೆಯಾಗುತ್ತದೆ, ಆದ್ದರಿಂದ ಕೇಳದಿದ್ದರೂ ಆಗಾಗ ನೀರು, ಮಜ್ಜಿಗೆ, ಗಂಜಿತಿಳಿ ಕುಡಿಸಬೇಕು. ಆದರೆ ಕುಡಿಸಿದರೆ ಡೈಪರ್ ಬದಲಿಸಬೇಕು, ಡೈಪರಿನ ಖರ್ಚು ಬೇರೆ, ಬದಲಿಸುವ ಕೈಗಳು ಎರಡೇ. ಹೀಗಾಗಿ ಸಂಜೆ ಐದರ ಮೇಲೆ ನೀರು ಕೊಡುವುದನ್ನು ಮೆಲ್ಲಗೆ ನಿಲ್ಲಿಸುವ ಅಭ್ಯಾಸ ಕೆಲವು ಕಡೆ ಇದೆ. ಅದರ ಫಲ ಮೂತ್ರದ ಸೋಂಕು. ಮುದುಕರಲ್ಲಿ ಆ ಸೋಂಕು ಎಷ್ಟೋ ಸಲ ಜ್ವರವಾಗಿ ಕಾಣಿಸಿಕೊಳ್ಳದೆ ಒಮ್ಮಿಂದೊಮ್ಮೆಲೆ ಬಂದ ಗಲಿಬಿಲಿಯಾಗಿ, ಅಸಂಬದ್ಧ ಮಾತಾಗಿ ಕಾಣಿಸಿಕೊಳ್ಳುತ್ತದೆ, ಅದನ್ನು ‘ವಯಸ್ಸಾಯಿತಲ್ಲ, ಅರಳುಮರಳು’ ಎಂದು ಬಿಟ್ಟುಬಿಡುತ್ತಾರೆ. ನಿನ್ನೆ ತನಕ ಸರಿಯಿದ್ದವರು ಇಂದು ಗಲಿಬಿಲಿಗೊಂಡಿದ್ದರೆ ಅದು ಕಾಯಿಲೆ, ಅದೇ ದಿನ ವೈದ್ಯರು ನೋಡಬೇಕು.

ಊಟದ ವಿಚಾರದಲ್ಲಿ ನನ್ನದೊಂದು ತಕರಾರಿದೆ, ಅದು ಆಶ್ರಮದವರ ಮೇಲಲ್ಲ, ನಮ್ಮೆಲ್ಲರ ಮೇಲೆ. ಹುಟ್ಟುಹಬ್ಬ, ಮದುವೆಯ ವಾರ್ಷಿಕ, ತಂದೆಯ ತಿಥಿ ಎಂದು ಆಶ್ರಮಕ್ಕೆ ಒಂದು ಹೊತ್ತಿನ ಊಟ ಕೊಡುವ ಸಂಪ್ರದಾಯ ನಮ್ಮಲ್ಲಿ ಬಲವಾಗಿ ಬೆಳೆದಿದೆ. ಒಳ್ಳೆಯದೇ. ಆದರೆ ಡಿಸೆಂಬರ್‌, ಜನವರಿಯಲ್ಲಿ ಒಂದೇ ವಾರದಲ್ಲಿ ನಾಲ್ಕು ದಿನ ಪಾಯಸ, ಹೋಳಿಗೆ, ಲಡ್ಡು ಬಂದರೆ ಅರ್ಧಕ್ಕರ್ಧ ಶುಗರ್ ಇರುವವರ ಆ ಮನೆಯಲ್ಲಿ ಏನಾಗಬೇಕು? ‘ಒಂದು ದಿನ ತಿಂದರೆ ಏನಾಗುತ್ತದೆ ಅಜ್ಜಿ’ ಎಂದು ಬಾಯಿಗೆ ಹಿಡಿಯುವುದು ದಾನಿಗಳ ಪಾಲಿಗೆ ಒಂದು ದಿನ, ಅಜ್ಜಿಗೆ ಅದು ನಾಲ್ಕನೆಯದು. ಹಲ್ಲಿಲ್ಲದವರಿಗೆ, ನುಂಗಲು ಕಷ್ಟವಿರುವವರಿಗೆ ಹೋಳಿಗೆಯ ತುಂಡು ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯವೂ ಇದೆ. ಅದರ ಜೊತೆ ಫೋಟೊ: ಬಾಯಿ ಒರೆಸದ, ಸೆರಗು ಸರಿಯಿಲ್ಲದ ಹೆಂಗಸರ ಚಿತ್ರಗಳು ಅವರ ಒಪ್ಪಿಗೆ ಕೇಳದೆ ಫೇಸ್‌ಬುಕ್ಕಿಗೆ ಏರುತ್ತವೆ. ದಾನಿಗಳಿಗೆ ಅಡುಗೆಮನೆಯ ಮೆನುವನ್ನು ಕೊಟ್ಟು ‘ಇದರಲ್ಲಿ ಒಂದನ್ನು ನಿಮ್ಮ ಹೆಸರಿನಲ್ಲಿ ಮಾಡುತ್ತೇವೆ, ಫೋಟೊ ಇಲ್ಲ’ ಎಂದು ಹೇಳುವ ಒಂದು ಆಶ್ರಮವನ್ನು ಉಡುಪಿಯ ಕಡೆ ನೋಡಿದೆ. ದೊಡ್ಡಮ್ಮ ಈಗಿರುವುದು ಅಲ್ಲಿಯೇ. ರಾತ್ರಿ ಕುಚ್ಚಲಕ್ಕಿ ಗಂಜಿ, ಹುರುಳಿ ಚಟ್ನಿ, ಬೇಯಿಸಿದ ತೊಂಡೆಕಾಯಿ. ಪ್ರತಿ ತಿಂಗಳ ಮೊದಲ ವಾರ ಎಲ್ಲರ ತೂಕ ನೋಡಿ ಬರೆಯುತ್ತಾರೆ. ಪ್ರಯತ್ನವಿಲ್ಲದೆ ಒಂದು ತಿಂಗಳಲ್ಲಿ ತೂಕ ನೂರಕ್ಕೆ ಐದರಷ್ಟು ಇಳಿದರೆ ಅದು ವೈದ್ಯರಿಗೆ ತಿಳಿಸಬೇಕಾದ ಸಂಗತಿ. ಈ ತೂಕದ ಪುಸ್ತಕಕ್ಕೆ ತಗಲುವ ಖರ್ಚು ಒಂದು ತಕ್ಕಡಿ ಮತ್ತು ಒಂದು ನೋಟ್‌ಬುಕ್.

ಇಲ್ಲಿ ಅವರನ್ನು ‘ಟೀಚರ್’ ಎಂದು ಕರೆಯುತ್ತಾರೆ, ಏಕೆಂದರೆ ಮೂವತ್ತು ವರ್ಷಕ್ಕೂ ಮಿಕ್ಕಿ ಅವರು ಶಾಲೆಯಲ್ಲಿ ಕಲಿಸಿದವರು. ಮೊದಲಿನ ಜಾಗದಲ್ಲಿ ಅವರು ‘ಏಳನೇ ಬೆಡ್ಡು’ ಆಗಿದ್ದರು. ಇದು ಮೇಲ್ನೋಟಕ್ಕೆ ಮರ್ಯಾದೆಯ ಪ್ರಶ್ನೆ, ಆದರೆ ಸುರಕ್ಷತೆಯ ಪ್ರಶ್ನೆಯೂ ಹೌದು: ಮನುಷ್ಯರನ್ನು ಅರಿತವರಿಗಷ್ಟೇ ಅವರಲ್ಲಿ ಇವತ್ತು ಏನೋ ಬದಲಾಗಿದೆ ಎಂಬುದು ಹೊಳೆಯುತ್ತದೆ. ಭಾಷೆಯ ವಿಷಯವೂ ಹಾಗೆಯೇ. ನಮ್ಮ ಆಶ್ರಮಗಳಲ್ಲಿರುವ ಹಿರಿಯರು ತುಳು, ಕೊಂಕಣಿ, ಬ್ಯಾರಿ ಮಾತನಾಡುವವರು. ಕೆಲಸಕ್ಕೆ ಬರುವ ಹುಡುಗಿಯರು ಉತ್ತರ ಕರ್ನಾಟಕದಿಂದ, ಜಾರ್ಖಂಡ್, ಅಸ್ಸಾಂ ಕಡೆಯಿಂದ ಬಂದವರು. ಮರೆವಿನ ಕಾಯಿಲೆ ಹೆಚ್ಚಿದಂತೆ ಹಲವರಲ್ಲಿ ಕಲಿತ ಭಾಷೆಗಳು ಮಸುಕಾಗಿ ತಾಯಿನುಡಿ ಮಾತ್ರ ಉಳಿಯುತ್ತದೆ. ‘ಬಂಜಿ ಬೇನೆ’ ಎಂದು ಇಡೀ ರಾತ್ರಿ ನರಳಿದವರ ಹೊಟ್ಟೆನೋವು ಬೆಳಿಗ್ಗೆ ಅಡುಗೆಯ ಹೆಂಗಸು ಬರುವ ತನಕ ಯಾರಿಗೂ ತಿಳಿಯದೆ ಹೋಗುತ್ತದೆ. ಪ್ರತಿ ಪಾಳಿಯಲ್ಲಿ ತುಳು ಬಲ್ಲವರೊಬ್ಬರಿರಬೇಕು ಎಂಬ ನಿಯಮವನ್ನು ಯಾವ ದೆಹಲಿಯೂ ಬರೆಯಲಾರದು, ಅದನ್ನು ನಾವೇ ಕೇಳಬೇಕು.

ಮಂಗಳೂರು ನರ್ಸಿಂಗ್ ಕಾಲೇಜುಗಳ ಊರು. ಇಲ್ಲಿ ಕಲಿತವರು ಗಲ್ಫಿಗೆ, ಐರ್ಲೆಂಡಿಗೆ, ಇಂಗ್ಲೆಂಡಿಗೆ, ಆಸ್ಟ್ರೇಲಿಯಾಕ್ಕೆ ಹೋಗಿ ಅಲ್ಲಿಯ ಹಿರಿಯರನ್ನು ನೋಡಿಕೊಳ್ಳುತ್ತಾರೆ. ಅವರ ಅಪ್ಪ ಅಮ್ಮಂದಿರನ್ನು ಇಲ್ಲಿ ನೋಡಿಕೊಳ್ಳಲು ‘ಹೋಂ ನರ್ಸ್’ ಎಂಬ ಹೆಸರಿನ, ನರ್ಸಿಂಗ್ ಕಲಿಯದ, ಅತಿ ಕಡಿಮೆ ಸಂಬಳದ ಹುಡುಗಿಯರಿದ್ದಾರೆ. ನನ್ನ ಚಿಕ್ಕಮ್ಮನ ಮಗಳು ಕೆಲಸ ಮಾಡುವ ಜಾಗವನ್ನು 2009ರಿಂದ ಕೆಲಸ ಮಾಡುತ್ತಿರುವ ಕೇರ್ ಕ್ವಾಲಿಟಿ ಕಮಿಷನ್ ಎಂಬ ಸಂಸ್ಥೆ ತಪಾಸಣೆ ಮಾಡುತ್ತದೆ. ಸುರಕ್ಷಿತವೇ, ಪರಿಣಾಮಕಾರಿಯೇ, ಅಕ್ಕರೆಯಿದೆಯೇ, ಅವರವರ ಅಗತ್ಯಕ್ಕೆ ಸ್ಪಂದಿಸುತ್ತದೆಯೇ, ಆಡಳಿತ ಸರಿಯಿದೆಯೇ ಎಂಬ ಐದು ಪ್ರಶ್ನೆ ಕೇಳಿ ನಾಲ್ಕು ದರ್ಜೆಗಳಲ್ಲಿ ಒಂದನ್ನು ಕೊಡುತ್ತದೆ, ಆ ದರ್ಜೆಯನ್ನು ಬಂದವರಿಗೆ ಕಾಣುವಂತೆ ತೂಗುಹಾಕುವುದು ಕಡ್ಡಾಯ, ವರದಿಯನ್ನು ಯಾರು ಬೇಕಾದರೂ ಓದಬಹುದು. ಅಲ್ಲೇನೂ ಸ್ವರ್ಗವಿಲ್ಲ, ಅವಳೇ ಹೇಳುವಂತೆ ಅಲ್ಲಿಯೂ ಜನ ಸಾಲದು, ಬರೆಯುವ ಕೆಲಸ ವಿಪರೀತ. ಆಸ್ಟ್ರೇಲಿಯಾದಲ್ಲಿ ಹಿರಿಯರ ಆರೈಕೆಯ ಗುಣಮಟ್ಟ ಮತ್ತು ಸುರಕ್ಷತೆಯ ಬಗ್ಗೆಯೇ 2018ರಲ್ಲಿ ರಾಯಲ್ ಕಮಿಷನ್ ಎಂಬ ಉನ್ನತ ತನಿಖಾ ಆಯೋಗವನ್ನು ನೇಮಿಸಬೇಕಾಯಿತು, 2021ರಲ್ಲಿ ಬಂದ ಅದರ ಅಂತಿಮ ವರದಿ ವ್ಯವಸ್ಥೆಯನ್ನೇ ಬುಡದಿಂದ ಬದಲಿಸಬೇಕೆಂದಿತು. ಆದರೆ ಅಲ್ಲಿ ತಪ್ಪು ನಡೆದರೆ ಅದು ತಪ್ಪೆಂದು ಹೇಳಲು ಒಂದು ಅಳತೆಗೋಲಿದೆ. ನಮ್ಮಲ್ಲಿ ತಪ್ಪು ನಡೆದರೆ ‘ವಯಸ್ಸಾಗಿತ್ತು’ ಎಂದಾಗುತ್ತದೆ.

ಮಾನದಂಡ ಎಂದರೆ ಖರ್ಚು, ಖರ್ಚೆಂದರೆ ಬಡವರಿಗೆ ಬಾಗಿಲು ಮುಚ್ಚುವುದು ಎಂಬ ಆಕ್ಷೇಪ ನ್ಯಾಯವಾದದ್ದು. ರಾತ್ರಿ ಎಚ್ಚರವಿರುವ ಇನ್ನೊಬ್ಬರ ಸಂಬಳ ಎಲ್ಲಿಂದಲೋ ಬರಲೇಬೇಕು. ಊಟ ಕೊಡುವ ದಾನಿಗಳು ಅದನ್ನು ಕೊಡಬಾರದೇಕೆ ಎಂಬುದು ನನ್ನ ಪ್ರಶ್ನೆ. ಒಂದು ತಿಂಗಳ ರಾತ್ರಿ ಪಾಳಿಯ ಸಂಬಳವನ್ನು ತಂದೆಯ ಹೆಸರಿನಲ್ಲಿ ಕೊಟ್ಟರೆ ಅದರಲ್ಲಿ ಪುಣ್ಯ ಕಡಿಮೆಯಾಗುವುದೆಂದು ಯಾವ ಶಾಸ್ತ್ರದಲ್ಲಿಯೂ ನಾನು ಓದಿಲ್ಲ. ಗಂಟೆ ರಿಪೇರಿ, ಎರಡನೇ ಕೀ, ತೂಕದ ಪುಸ್ತಕ, ಹಿಡಿಕಂಬಿ ಇವುಗಳಿಗೆ ದೊಡ್ಡ ಹಣವೂ ಬೇಕಿಲ್ಲ.

ದೂರು ಕೊಡಬೇಕಾದರೆ ದಾರಿಗಳಿವೆ, ಕಿರಿದಾಗಿದ್ದರೂ. ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ 14567. ಅದು ಬೆಳಿಗ್ಗೆ 8ರಿಂದ ರಾತ್ರಿ 8ರ ತನಕ ಮಾತ್ರ. ಜಿಲ್ಲೆಯಲ್ಲಿ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಕಚೇರಿಗೂ ಜಿಲ್ಲಾಧಿಕಾರಿಗಳಿಗೂ ಲಿಖಿತವಾಗಿ ಬರೆದು ಹಿಂಬರಹ ಪಡೆಯಬಹುದು. ಹಣ ಕೊಟ್ಟು ಪಡೆದ ಸೇವೆಯಲ್ಲಿ ಲೋಪವಾಗಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು, ಉಚಿತ ಸೇವೆಗೆ ಅದು ಅನ್ವಯಿಸುವುದಿಲ್ಲ. ಈ ಎಲ್ಲ ಕಡೆ ಕೇಳುವುದು ದಾಖಲೆಯನ್ನು. ಆದ್ದರಿಂದ ಸೇರಿಸುವ ದಿನವೇ ಒಪ್ಪಂದವನ್ನು ಬರೆಸಿಕೊಂಡು, ಡಿಪಾಸಿಟ್ ಎಷ್ಟು, ಬಿಡಿಸಿಕೊಂಡು ಹೋದರೆ ಎಷ್ಟು ಮರಳಿಸುತ್ತಾರೆ, ಡೈಪರ್, ಔಷಧಿ, ಹೆಚ್ಚುವರಿ ಆರೈಕೆಗೆ ಎಷ್ಟು ಬೇರೆ ಎಂಬುದನ್ನು ಅದರಲ್ಲಿ ಸೇರಿಸಬೇಕು. ಬಿದ್ದರೆ ಎಷ್ಟು ಹೊತ್ತಿನೊಳಗೆ ಮನೆಗೆ ತಿಳಿಸುತ್ತಾರೆ, ರಾತ್ರಿ ಉಸಿರಾಟ ಕಷ್ಟವಾದರೆ ಯಾವ ಆಸ್ಪತ್ರೆಗೆ ಒಯ್ಯುತ್ತಾರೆ, ಮನೆಯವರು ತಲುಪುವ ತನಕ ಜೊತೆಗೆ ಯಾರಿರುತ್ತಾರೆ ಎಂಬುದನ್ನೂ ಬರೆಯಿಸಬೇಕು. ದೊಡ್ಡಮ್ಮ ತಮ್ಮ ಕೊನೆಗಾಲದಲ್ಲಿ ವೆಂಟಿಲೇಟರ್ ಬೇಡವೆಂದು ಮುಂಗಡ ವೈದ್ಯಕೀಯ ನಿರ್ದೇಶನ ಬರೆದಿಟ್ಟಿದ್ದಾರೆ. ಸುಪ್ರೀಂ ಕೋರ್ಟ್ 2018ರಲ್ಲಿ ಮಾನ್ಯ ಮಾಡಿ 2023ರಲ್ಲಿ ಸರಳಗೊಳಿಸಿದ ಈ ಪತ್ರಕ್ಕೆ ಈಗ ಇಬ್ಬರು ಸಾಕ್ಷಿಗಳೆದುರು ಸಹಿ ಹಾಕಿ ನೋಟರಿಯಿಂದ ದೃಢೀಕರಿಸಿದರೆ ಸಾಕು, ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಈ ಬಗ್ಗೆ ಸುತ್ತೋಲೆಯನ್ನೂ ಹೊರಡಿಸಿದೆ. ಅದರ ಒಂದು ಪ್ರತಿ ನಮ್ಮ ಬಳಿ ಇದೆ, ಇನ್ನೊಂದು ಅವರ ಮಾತ್ರೆಯ ಚಾರ್ಟಿನ ಹಿಂದೆ ಅದೇ ಫೈಲಿನಲ್ಲಿದೆ. ರಾತ್ರಿ ಪಾಳಿಗೆ ಹೊಸಬರು ಬಂದ ದಿನ ಆ ಫೈಲನ್ನು ಅವರಿಗೆ ಓದಿ ಹೇಳುವಂತೆ ಮೇಟ್ರನ್‌ಗೆ ಕೇಳಿಕೊಂಡಿದ್ದೇವೆ, ಅವರು ಹಾಗೆ ಮಾಡುತ್ತಿದ್ದಾರೆ.